ಕೆರೆ ಏರಿಯ ವೀರಗಲ್ಲನ್ನು ಸಂಗ್ರಹಾಲಯಕ್ಕೆ ಕೊಡಬೇಕೇ?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ನಮ್ಮದು ಪುರಸಭೆ ಇರುವ ಸಣ್ಣ ಊರು. ಕೆರೆ ಏರಿಯ ಮೇಲೆ ಎರಡು ವೀರಗಲ್ಲುಗಳೂ ಅಕ್ಷರಗಳಿರುವ ಒಂದು ಕಲ್ಲೂ ನಿಂತಿವೆ. ಏರಿಯ ರಸ್ತೆಯನ್ನು ಅಗಲ ಮಾಡುವ ಕೆಲಸ ಸದ್ಯದಲ್ಲೇ ಆರಂಭವಾಗಲಿದೆ. ಕಲ್ಲುಗಳನ್ನು ಊರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸಾಗಿಸೋಣ ಎಂದು ಕೆಲವರು ಹೇಳಿದರೆ, ಕದಲಿಸಿದರೆ ಊರಿಗೆ ಕೇಡು ಎಂದು ಹಿರಿಯರು ಹೇಳುತ್ತಾರೆ. ಆ ಸಂಗ್ರಹಾಲಯವೋ, ಬಾಗಿಲು ತೆರೆದಿರುವ ದಿನಗಳಿಗಿಂತ ಹಾಕಿರುವ ದಿನಗಳೇ ಹೆಚ್ಚು. ಹಿಂದೆ ಕೊಟ್ಟ ಕಲ್ಲುಗಳು ಅದರ ಹಿತ್ತಲಿನಲ್ಲಿ ಬಿದ್ದಿವೆ. ಪುರಾತತ್ವ ಇಲಾಖೆಗೆ ತಿಳಿಸಿದರೆ ಸುತ್ತ ನೂರು ಮೀಟರ್ ಯಾರೂ ಮನೆ ಕಟ್ಟುವಂತಿಲ್ಲ ಎಂಬ ಹೆದರಿಕೆ ಬೇರೆ. ಇತ್ತ ಕೋಟೆಯ ಬಾಗಿಲಿಗೆ ಸಿಮೆಂಟ್ ಮೆತ್ತಿಸಿ ಬಣ್ಣ ಬಳಿಸಲು ಪುರಸಭೆ ಹೊರಟಿದೆ. ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಬಂದ ತಾಮ್ರ ಶಾಸನವೂ ಇದೆ. ಯಾವುದನ್ನು ಯಾರಿಗೆ ಒಪ್ಪಿಸಲಿ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಪ್ರಶ್ನೆಗಳಿದ್ದರೂ ಅವುಗಳ ಅಡಿಯಲ್ಲಿರುವ ಆತಂಕ ಒಂದೇ. ಹೇಳಿದರೆ ಕಲ್ಲು ಊರಿನ ಕೈತಪ್ಪುತ್ತದೆ, ಹೇಳದಿದ್ದರೆ ಜೆಸಿಬಿಯ ಬಾಯಿಗೆ ಹೋಗುತ್ತದೆ. ಸಂಗ್ರಹಾಲಯಗಳಲ್ಲಿ ಮತ್ತು ಕ್ಷೇತ್ರಕಾರ್ಯದಲ್ಲಿ ಬಹುಕಾಲ ಕಳೆದ ನನಗೆ ಈ ಆತಂಕ ಹೊಸದಲ್ಲ, ಅದು ಸುಳ್ಳೂ ಅಲ್ಲ. ಆದರೆ ಎಲ್ಲಿಡಬೇಕು ಎಂಬ ಪ್ರಶ್ನೆಗಿಂತ ಮೊದಲು ಮುಗಿಸಬೇಕಾದ ಕೆಲಸವೊಂದಿದೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಸಂಗ್ರಹಾಲಯದ ಹಿಂಬದಿಯಲ್ಲಿ ಸಾಲಾಗಿ ನಿಲ್ಲಿಸಿದ್ದ ವೀರಗಲ್ಲುಗಳ ಪಟ್ಟಿ ಮಾಡುವ ಹೊಣೆ ನನ್ನ ಮೇಲೆ ಬಿತ್ತು. ಒಂದರಲ್ಲಿ ದನಗಳನ್ನು ಬಿಡಿಸಿಕೊಳ್ಳಲು ಹೋಗಿ ಸತ್ತ ತುರುಗೋಳಿನ ವೀರ, ಇನ್ನೊಂದರಲ್ಲಿ ಕುದುರೆಯ ಮೇಲಿನ ಯೋಧ. ಕೆತ್ತನೆ ಅಚ್ಚುಕಟ್ಟಾಗಿತ್ತು, ಒಂದು ಕಲ್ಲೂ ಮುಕ್ಕಾಗಿರಲಿಲ್ಲ. ಆದರೆ ಹಳೆಯ ವಹಿಯನ್ನು ತೆರೆದರೆ ಒಂದರ ಕೆಳಗೊಂದರಂತೆ ಅದೇ ಸಾಲು: ‘ಸ್ಥಳ ತಿಳಿದಿಲ್ಲ’. ಯಾರೋ ಒಳ್ಳೆಯ ಮನಸ್ಸಿನಿಂದಲೇ ಗಾಡಿಯಲ್ಲಿ ಹೇರಿಕೊಂಡು ತಂದು ಇಳಿಸಿ ಹೋಗಿದ್ದರು. ಯಾವ ಊರು, ಯಾವ ಕೆರೆ, ಯಾವ ಗುಡಿಯ ಮುಂದೆ ಎಂದು ಕೇಳಿ ಬರೆದುಕೊಂಡವರಿರಲಿಲ್ಲ. ಕಲ್ಲು ಉಳಿಯಿತು, ಆ ವೀರ ಯಾವ ಊರಿಗಾಗಿ ಸತ್ತನೋ ಆ ಊರು ಅವನಿಂದ ಶಾಶ್ವತವಾಗಿ ಕಳಚಿಹೋಯಿತು. ಆ ನಷ್ಟವನ್ನು ನಾನು ಇಂದಿಗೂ ಮರೆತಿಲ್ಲ.

ಇದಕ್ಕೆ ವಿರುದ್ಧವಾದ ಉದಾಹರಣೆಯೊಂದನ್ನು ನೋಡಿ. ಮದ್ದೂರು ತಾಲ್ಲೂಕಿನ ಆತಕೂರಿನ ವೀರಗಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕ್ರಿ.ಶ. 949-50ರ ಸುಮಾರಿನದು. ಚೋಳರೊಡನೆ ನಡೆದ ತಕ್ಕೋಲದ ಯುದ್ಧದಲ್ಲಿ ತೋರಿದ ಪರಾಕ್ರಮಕ್ಕೆ ಏನು ಬೇಕು ಎಂದು ಗಂಗ ದೊರೆ ಬೂತುಗ ಕೇಳಿದಾಗ ಅವನ ಯೋಧ ಮಣಲೆರ ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಕಾಡುಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ಅದರ ನೆನಪಿಗೆ ಆತಕೂರಿನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ ಭೂಮಿಯನ್ನೂ ಬಿಟ್ಟರು. ಕಲ್ಲು ಊರು ಬಿಟ್ಟು ನಗರಕ್ಕೆ ಬಂದರೂ ಕಾಳಿಯ ಕಥೆ ಆತಕೂರಿನದಾಗಿಯೇ ಉಳಿದಿದೆ. ಏಕೆಂದರೆ ಅದು ಎಲ್ಲಿ ನಿಂತಿತ್ತು, ಏನು ಬರೆದಿದೆ ಎಂಬುದು ದಾಖಲೆಯಾಗಿತ್ತು. 1885ರಲ್ಲಿ ಆರಂಭವಾದ ಮೈಸೂರು ಪುರಾತತ್ವ ಇಲಾಖೆಯ ಮೊದಲ ನಿರ್ದೇಶಕರಾಗಿದ್ದ ಬಿ.ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕ ಸಂಪುಟಗಳಲ್ಲಿ ಸುಮಾರು ಒಂಬತ್ತು ಸಾವಿರ ಶಾಸನಗಳನ್ನು ತಾಲ್ಲೂಕು ತಾಲ್ಲೂಕಾಗಿ, ಊರಿನ ಹೆಸರಿನೊಡನೆ ಜೋಡಿಸಿಟ್ಟರು. ಆ ಪೈಕಿ ಎಷ್ಟೋ ಕಲ್ಲುಗಳು ಮುಂದೆ ಕಾಣೆಯಾಗಿವೆ, ಅವುಗಳ ಮಾತು ಕಾಣೆಯಾಗಿಲ್ಲ.

ಆದ್ದರಿಂದ ಕಲ್ಲನ್ನು ಎಲ್ಲಿಡಬೇಕು ಎಂಬ ವಾದವನ್ನು ಒಂದು ವಾರ ಪಕ್ಕಕ್ಕಿಟ್ಟು, ಮೊದಲು ಅವು ಇರುವ ಹಾಗೆಯೇ ದಾಖಲಿಸಿ. ಮೊಬೈಲ್ ಸಾಕು. ನಾಲ್ಕೂ ಮಗ್ಗುಲಿನ ಚಿತ್ರ, ಅಳತೆಗೆ ಪಕ್ಕದಲ್ಲೊಂದು ಅಳತೆಪಟ್ಟಿ, ಕಲ್ಲಿನ ಮುಖ ಯಾವ ದಿಕ್ಕಿಗಿದೆ, ತೂಬಿನಿಂದ ಎಷ್ಟು ಹೆಜ್ಜೆ ದೂರ, ಮೊಬೈಲ್ ನಕ್ಷೆಯಲ್ಲಿ ಆ ಜಾಗದ ಗುರುತು. ಸವೆದ ಅಕ್ಷರಗಳು ನೆತ್ತಿಯ ಬಿಸಿಲಿನಲ್ಲಿ ಕಾಣುವುದಿಲ್ಲ. ಬೆಳಗಿನ ಇಲ್ಲವೇ ಸಂಜೆಯ ಓರೆ ಬಿಸಿಲಿನಲ್ಲಿ, ಅದೂ ಸಾಲದಿದ್ದರೆ ರಾತ್ರಿ ಟಾರ್ಚನ್ನು ಪಕ್ಕದಿಂದ ಹಿಡಿದು ಚಿತ್ರ ತೆಗೆಯಿರಿ, ಸಾಲುಗಳು ತಾವಾಗಿಯೇ ಎದ್ದು ನಿಲ್ಲುತ್ತವೆ. ಅಕ್ಷರ ಕಾಣಲೆಂದು ಸೀಮೆಸುಣ್ಣ ತಿಕ್ಕಬೇಡಿ, ಎಣ್ಣೆ ಸವರಬೇಡಿ, ತಂತಿಯ ಬ್ರಷ್ಷನ್ನಂತೂ ಮುಟ್ಟಲೇಬೇಡಿ. ಎಣ್ಣೆ ಮೊದಲ ದಿನ ಹೊಳೆಯುತ್ತದೆ, ಆಮೇಲೆ ದೂಳನ್ನು ಹಿಡಿದುಕೊಂಡು ವರ್ಷಗಳಲ್ಲಿ ಕರಿಯ ಪದರವಾಗಿ ಗಟ್ಟಿಯಾಗುತ್ತದೆ. ಅದನ್ನು ತೆಗೆಯಲು ನಾವು ಪಡುವ ಪಾಡು ಅಷ್ಟಿಷ್ಟಲ್ಲ.

ಅಕ್ಷರದ ಕಲ್ಲು ಈಗಾಗಲೇ ಪ್ರಕಟವಾಗಿರಬಹುದು. ಹಳೆಯ ಮೈಸೂರು ಸೀಮೆಯಾದರೆ ಎಪಿಗ್ರಾಫಿಯ ಕರ್ನಾಟಿಕದ ಹಳೆಯ ಸಂಪುಟಗಳಲ್ಲಿಯೂ ಮೈಸೂರು ವಿಶ್ವವಿದ್ಯಾಲಯದ ಪರಿಷ್ಕೃತ ಸಂಪುಟಗಳಲ್ಲಿಯೂ ನಿಮ್ಮ ತಾಲ್ಲೂಕನ್ನು ತೆಗೆದು ಊರಿನ ಹೆಸರು ಹುಡುಕಿ. ಉತ್ತರ ಕರ್ನಾಟಕವಾದರೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಶಾಸನ ಸಂಪುಟಗಳೂ ಇವೆ. ಸಿಕ್ಕರೆ ನಿಮ್ಮ ಕೈಯಲ್ಲಿ ದೊಡ್ಡ ಬಲವಿದ್ದಂತೆ. ‘ಒಂದು ಹಳೆಯ ಕಲ್ಲು’ ಎಂದು ಬರೆದ ಅರ್ಜಿಗೂ ‘ಇಂಥ ಸಂಪುಟದ ಇಂಥ ಸಂಖ್ಯೆಯ ಶಾಸನ’ ಎಂದು ಬರೆದ ಅರ್ಜಿಗೂ ಕಚೇರಿಯಲ್ಲಿ ಸಿಗುವ ಗೌರವವೇ ಬೇರೆ.

ಇನ್ನು ಹಿರಿಯರ ಮಾತು. ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕಬೇಡಿ. ದಾನಶಾಸನಗಳ ಕೊನೆಯಲ್ಲಿ, ಈ ದಾನವನ್ನು ಅಳಿಸಿದವರಿಗೆ ವಾರಣಾಸಿಯಲ್ಲಿ ಕವಿಲೆಯನ್ನು, ಅಂದರೆ ಹಸುವನ್ನು, ಕೊಂದ ಪಾಪ ತಟ್ಟಲಿ ಎಂಬ ಶಾಪವಾಕ್ಯ ಬರುತ್ತದೆ. ಶಾಪ ಇರುವುದು ದಾನವನ್ನು ಕೆಡಿಸುವವರಿಗೆ, ಕಲ್ಲನ್ನು ಕಾಪಾಡುವವರಿಗಲ್ಲ. ಆದರೂ ಆ ಭಯವೇ ನೂರಾರು ವರ್ಷ ಈ ಕಲ್ಲುಗಳನ್ನು ಕಾದಿದೆ. ನಿಜವಾಗಿ ಕೇಡು ಮಾಡಿರುವುದು ಇನ್ನೊಂದು ನಂಬಿಕೆ. ಕಲ್ಲಿನ ನೆತ್ತಿಯಲ್ಲಿ ಸೂರ್ಯಚಂದ್ರರಿದ್ದರೆ ಅಡಿಯಲ್ಲಿ ನಿಧಿಯಿದೆ ಎಂಬುದು. ಸೂರ್ಯಚಂದ್ರರಿರುವವರೆಗೆ ಈ ದಾನ, ಈ ಕೀರ್ತಿ ಉಳಿಯಲಿ ಎಂಬುದಷ್ಟೇ ಆ ಗುರುತಿನ ಅರ್ಥ. ಇದನ್ನು ತಿಳಿಯದೆ ರಾತ್ರೋರಾತ್ರಿ ಅಗೆದು ಉರುಳಿಸಿದ ಕಲ್ಲುಗಳನ್ನು ನಾನು ಎಷ್ಟು ಊರುಗಳಲ್ಲಿ ಕಂಡಿದ್ದೇನೋ ಲೆಕ್ಕವಿಲ್ಲ. ನಿಮ್ಮ ಕಲ್ಲುಗಳ ಸುದ್ದಿ ಹರಡುವಾಗ ಈ ವಿವರಣೆಯೂ ಜೊತೆಗೆ ಹರಡಲಿ.

ಈಗ ಜಾಗದ ಪ್ರಶ್ನೆಗೆ ಬರುತ್ತೇನೆ. ನನ್ನ ಮೊದಲ ಆಯ್ಕೆ ಯಾವಾಗಲೂ ಇದ್ದಲ್ಲಿಯೇ ಉಳಿಸುವುದು. ಕೆರೆ ಏರಿಯ ಶಾಸನ ಆಕಸ್ಮಿಕವಾಗಿ ಅಲ್ಲಿ ನಿಂತಿರುವುದಿಲ್ಲ. ಕೆರೆಯನ್ನು ಕಟ್ಟಿಸಿದವರು ಯಾರು, ಅದರ ದುರಸ್ತಿಗೆ ಬಿಟ್ಟ ಬಿತ್ತುವಟ್ಟದ ಭೂಮಿ ಯಾವುದು ಎಂದು ಹೇಳಲು ಅದನ್ನು ನೀರಿನ ಪಕ್ಕದಲ್ಲೇ ನಿಲ್ಲಿಸಿರುತ್ತಾರೆ. ರಸ್ತೆಯ ನಕ್ಷೆಯಲ್ಲಿ ಎರಡು ಅಡಿ ಸರಿದರೆ ಉಳಿಯುವ ಕಲ್ಲಿಗೆ ಸಾಗಣೆಯ ಮಾತೇ ಬೇಡ. ಕೆಲಸ ಆರಂಭವಾಗುವ ಮೊದಲೇ ತಹಶೀಲ್ದಾರರಿಗೆ, ಪುರಸಭೆಯ ಮುಖ್ಯಾಧಿಕಾರಿಗೆ, ರಸ್ತೆಯ ಎಂಜಿನಿಯರಿಗೆ ಚಿತ್ರಗಳೊಡನೆ ಬರೆದು ಸ್ವೀಕೃತಿ ಪಡೆಯಿರಿ. ನನ್ನ ಅನುಭವದಲ್ಲಿ ಎಂಜಿನಿಯರುಗಳು ಕಲ್ಲನ್ನು ಒಡೆಯುವುದು ದ್ವೇಷದಿಂದಲ್ಲ, ನಕ್ಷೆಯಲ್ಲಿ ಅದು ಇಲ್ಲದ ಕಾರಣಕ್ಕೆ. ಇದ್ದಲ್ಲೇ ಇಡುವುದರಲ್ಲಿಯೂ ಅಪಾಯವಿದೆ. ಲಾರಿ ತಾಗಬಹುದು, ಕಳ್ಳತನವಾಗಬಹುದು, ಭಕ್ತಿಯಿಂದ ಬಣ್ಣ ಬಳಿಯಬಹುದು. ಕಟ್ಟೆ ಮತ್ತು ಬೇಲಿಯ ಜೊತೆಗೆ ಹೊಣೆ ಹೊತ್ತ ನಾಲ್ಕು ಜನ ಬೇಕು.

ಅದಾಗದಿದ್ದರೆ ಹತ್ತಿರದಲ್ಲೇ, ಅದೇ ಕೆರೆಯಂಗಳದಲ್ಲೋ ಗುಡಿಯ ಅಂಗಳದಲ್ಲೋ ನಿಲ್ಲಿಸಬಹುದು. ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಮಣ್ಣಿನಿಂದ ಹೊರಬಂದ, ಎಂಟನೆಯ ಶತಮಾನದ ಕಿತ್ತಯ್ಯನೆಂಬ ವೀರನ ಕಲ್ಲನ್ನು ಅಲ್ಲಿನ ಜನ ದೂರ ಕಳಿಸದೆ ಊರಿನಲ್ಲೇ ಉಳಿಸಿಕೊಂಡು ಮಂಟಪ ಕಟ್ಟಿಕೊಂಡರು. ಇಂಥ ಸಾಗಣೆ ಆಗುವುದಾದರೆ ಪುರಾತತ್ವ ಇಲಾಖೆಯವರ ಎದುರಿನಲ್ಲೇ ಆಗಲಿ. ವೀರಗಲ್ಲಿನ ಒಂದಿಷ್ಟು ಭಾಗ ನೆಲದೊಳಗಿರುತ್ತದೆ, ಬರಹದ ಕೊನೆಯ ಸಾಲುಗಳೂ ಎಷ್ಟೋ ಸಲ ಮಣ್ಣಿನಲ್ಲೇ ಹೂತಿರುತ್ತವೆ. ಜೆಸಿಬಿಗೆ ಸರಪಳಿ ಕಟ್ಟಿ ಎಳೆದರೆ ಕಲ್ಲು ನೆಲಮಟ್ಟದಲ್ಲೇ ಮುರಿಯುತ್ತದೆ. ಸುತ್ತ ಕೈಯಿಂದ ಅಗೆದು ಬುಡವನ್ನು ಬಿಡಿಸಿ, ಗೋಣಿ ಸುತ್ತಿ, ಅಗಲವಾದ ಬಟ್ಟೆಯ ಪಟ್ಟಿಯಲ್ಲಿ ಎತ್ತಬೇಕು. ಕೆತ್ತನೆಯ ಮುಖ ಮೇಲಿರುವಂತೆ ಮಲಗಿಸಬೇಕು. ಹೊಸ ಜಾಗದಲ್ಲಿ ಕಾಂಕ್ರೀಟ್ ಸುರಿದು ಹೂಳಬೇಡಿ. ಮುಂದೆಂದಾದರೂ ಎತ್ತಬೇಕಾದರೆ ಒಡೆಯದೆ ಎತ್ತಲಾಗದು.

ಮೂರನೆಯದು ಸಂಗ್ರಹಾಲಯ. ನಿಮ್ಮ ಅಪನಂಬಿಕೆ ನನಗೆ ಅರ್ಥವಾಗುತ್ತದೆ. ಸಣ್ಣ ಊರುಗಳ ಸರ್ಕಾರಿ ಸಂಗ್ರಹಾಲಯಗಳ ಬಾಗಿಲು ಹಾಕಿರುವುದಕ್ಕೆ ಕಾರಣ ಬಹುಪಾಲು ಸೋಮಾರಿತನವಲ್ಲ. ಕಾವಲುಗಾರ, ಟಿಕೆಟ್ ಕೊಡುವವರು, ವಿವರಿಸುವವರು ಎಲ್ಲರೂ ಒಬ್ಬರೇ ಆಗಿರುವ ಕಡೆ ಆ ಒಬ್ಬರು ಜ್ವರದಿಂದ ಮಲಗಿದರೆ ಬೀಗ ಬೀಳುತ್ತದೆ. ಕಟ್ಟಡಕ್ಕೆ ಹಣ ಬರುತ್ತದೆ, ಅದನ್ನು ದಿನವೂ ನಡೆಸುವುದಕ್ಕೆ ಬರುವುದಿಲ್ಲ. ಹಿತ್ತಲಿನಲ್ಲಿರುವ ಕಲ್ಲೆಲ್ಲ ಹಾಳಾಗುತ್ತಿದೆ ಎಂದೂ ಅಲ್ಲ. ಗ್ರಾನೈಟ್ ಮಳೆ ಬಿಸಿಲನ್ನು ಶತಮಾನಗಟ್ಟಲೆ ತಡೆದಿದೆ. ಬಳಪದ ಕಲ್ಲು, ಮರಳುಗಲ್ಲು ಮಾತ್ರ ನೇರವಾಗಿ ಒದ್ದೆ ನೆಲದ ಮೇಲೆ ನಿಂತರೆ ಕಷ್ಟ. ನೆಲದ ಉಪ್ಪು ನೀರಿನೊಡನೆ ಮೇಲೇರಿ ಒಳಗೇ ಹರಳುಗಟ್ಟಿ, ಮೈ ಪದರಪದರವಾಗಿ ಉದುರುತ್ತದೆ. ಹಿತ್ತಲಿನ ಕಲ್ಲುಗಳಿಗೆ ಒಂದಡಿ ಎತ್ತರದ ಜಗತಿಯೂ ಮೇಲೊಂದು ಮಾಡೂ ಇದ್ದರೆ ಅರ್ಧ ರೋಗ ವಾಸಿ.

ಕೊಡಲೇಬೇಕಾಗಿ ಬಂದರೆ ಬರಿಗೈಯಲ್ಲಿ ಹಿಂತಿರುಗಬೇಡಿ. ಸಂಗ್ರಹಾಲಯದ ದಾಖಲಾತಿ ವಹಿಯಲ್ಲಿ ಕಲ್ಲಿಗೆ ಸಂಖ್ಯೆ ಬೀಳಬೇಕು. ಸಿಕ್ಕ ಜಾಗ, ದಿನಾಂಕ, ಕೊಟ್ಟ ಊರು, ಚಿತ್ರ ಎಲ್ಲವೂ ಅಲ್ಲಿರಬೇಕು. ಆ ಸಂಖ್ಯೆಯಿರುವ, ಸಹಿ ಮತ್ತು ಮೊಹರಿರುವ ಸ್ವೀಕೃತಿ ನಿಮ್ಮ ಕೈಗೆ ಬರಬೇಕು. ಹಿಂದೆ ಕೊಟ್ಟ ಕಲ್ಲುಗಳ ಗತಿ ಏನಾಯಿತು ಎಂದು ತಿಳಿಯಲು ಮಾಹಿತಿ ಹಕ್ಕು ಕಾಯ್ದೆ, 2005ರ ಅಡಿ ಅರ್ಜಿ ಹಾಕಿ, 30 ದಿನಗಳೊಳಗೆ ಉತ್ತರ ಕೊಡಬೇಕು. ಇದನ್ನು ಜಗಳವೆಂದು ಭಾವಿಸಬೇಡಿ. ವಹಿಯನ್ನು ಕೇಳುವವರು ಊರಿನಲ್ಲಿದ್ದಾರೆ ಎಂದು ತಿಳಿದ ಮೇಲೆ ವಹಿ ಸರಿಯಾಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೂಲ ದೂರ ಹೋದರೂ ಊರಿನಲ್ಲಿ ಗುರುತು ಉಳಿಸಿಕೊಳ್ಳಬಹುದು. ಕ್ರಿ.ಶ. 450ರ ಸುಮಾರಿನದೆನ್ನುವ, 1936ರಲ್ಲಿ ಪುರಾತತ್ವಜ್ಞ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದ ಹಲ್ಮಿಡಿ ಶಾಸನದ ಮೂಲ ಕಲ್ಲು ಮೈಸೂರಿನಲ್ಲಿದೆ, ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಅದರ ಪ್ರತಿಕೃತಿಯಿದೆ. ಈಗ ಮೂರು ಆಯಾಮದ ಸ್ಕ್ಯಾನಿಂಗ್ ಕೂಡ ಬಂದಿದೆ, ಬೆಂಗಳೂರಿನ ಮಿಥಿಕ್ ಸೊಸೈಟಿ ಎಂಬ ಸಂಶೋಧನಾ ಸಂಸ್ಥೆ ಆ ಸುತ್ತಿನ ಶಾಸನಗಳನ್ನು ಹೀಗೆ ದಾಖಲಿಸುತ್ತಿದೆ.

ನೂರು ಮೀಟರಿನ ಭಯದಲ್ಲಿ ಸತ್ಯವೂ ಇದೆ, ಉತ್ಪ್ರೇಕ್ಷೆಯೂ ಇದೆ. ಕೇಂದ್ರದ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ, ರಾಷ್ಟ್ರೀಯ ಪ್ರಾಮುಖ್ಯದ್ದೆಂದು ಘೋಷಿತವಾದ ಸ್ಮಾರಕದ ಸಂರಕ್ಷಿತ ಎಲ್ಲೆಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದಲ್ಲಿ ಹೊಸ ಮನೆ ಕಟ್ಟುವಂತಿಲ್ಲ. ಹಳೆಯ ಮನೆಯ ದುರಸ್ತಿಗೆ ಅನುಮತಿ ಕೇಳಬಹುದು. ನಿಯಂತ್ರಿತ ಪ್ರದೇಶದಲ್ಲಿ ಅನುಮತಿ ಪಡೆದು ಕಟ್ಟಬಹುದು. ಈ ನಿಯಮದಿಂದ ಬಡ ಕುಟುಂಬಗಳು ಪಡುವ ಕಷ್ಟ ನಿಜವಾದದ್ದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಒಂದು ವೀರಗಲ್ಲಿನ ಬಗ್ಗೆ ಇಲಾಖೆಗೆ ಪತ್ರ ಬರೆದ ಮಾತ್ರಕ್ಕೆ ಅದು ಸಂರಕ್ಷಿತ ಸ್ಮಾರಕವಾಗಿಬಿಡುವುದಿಲ್ಲ. ಅದಕ್ಕೆ ರಾಜ್ಯಪತ್ರದಲ್ಲಿ ಅಧಿಸೂಚನೆಯಾಗಬೇಕು. ಕೇಂದ್ರದ ಕಾಯ್ದೆಯಲ್ಲಿ ಆಕ್ಷೇಪಣೆಗೆ ಎರಡು ತಿಂಗಳ ಕಾಲಾವಕಾಶವಿದೆ. ಕರ್ನಾಟಕದಲ್ಲಿ ಕೇಂದ್ರದ ರಕ್ಷಣೆಯಲ್ಲಿರುವುದು ಸುಮಾರು ಐನೂರು ಸ್ಮಾರಕಗಳು, ರಾಜ್ಯದ 1961ರ ಕಾಯ್ದೆಯಡಿ ಎಂಟುನೂರಕ್ಕೂ ಹೆಚ್ಚು. ಊರೂರಿನ ವೀರಗಲ್ಲು, ಸಹಗಮನ ಮಾಡಿದ ಹೆಂಗಸರ ನೆನಪಿನ ಮಾಸ್ತಿಗಲ್ಲುಗಳಲ್ಲಿ ಬಹುಪಾಲು ಈ ಯಾವ ಪಟ್ಟಿಯಲ್ಲೂ ಇಲ್ಲ. ಇಲಾಖೆಯ ಕೈ ತಮ್ಮ ಮನೆಯವರೆಗೆ ಬಂದುಬಿಡುತ್ತದೆ ಎಂದು ಜನ ಹೆದರುತ್ತಾರೆ. ಆ ಕೈ ಕಲ್ಲಿನವರೆಗೂ ತಲುಪುತ್ತಿಲ್ಲ ಎಂಬುದೇ ನನ್ನ ದುಃಖ.

ಕೋಟೆಯ ಬಾಗಿಲಿನ ವಿಷಯ ಎಲ್ಲಕ್ಕಿಂತ ತುರ್ತು. ಮೊದಲು ಅದು ಯಾರ ಸುಪರ್ದಿಯಲ್ಲಿದೆ ಎಂದು ಲಿಖಿತವಾಗಿ ತಿಳಿದುಕೊಳ್ಳಿ. ಒಂದೇ ಆವರಣದಲ್ಲಿ ಎರಡು ಇಲಾಖೆಗಳಿರಬಹುದು. ಮಡಿಕೇರಿಯಲ್ಲಿ ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯದು, ಕೋಟೆಯೊಳಗಿನ ಹಳೆಯ ಚರ್ಚ್ ಕಟ್ಟಡದಲ್ಲಿರುವ ಸಂಗ್ರಹಾಲಯ ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯದು. ನಿಮ್ಮ ಬಾಗಿಲು ಸಂರಕ್ಷಿತವಾಗಿದ್ದರೆ ಪುರಸಭೆ ಅದನ್ನು ಮುಟ್ಟುವಂತೆಯೇ ಇಲ್ಲ, ಕೇಂದ್ರವೋ ರಾಜ್ಯವೋ ಯಾರ ಪಟ್ಟಿಯಲ್ಲಿದೆಯೋ ಅವರ ಒಪ್ಪಿಗೆ ಬೇಕು. ಸಂರಕ್ಷಿತವಲ್ಲದಿದ್ದರೂ ಸಿಮೆಂಟ್ ಏಕೆ ಬೇಡ ಎಂದು ಸದಸ್ಯರಿಗೆ ಬಿಡಿಸಿ ಹೇಳಿ.

ಹಳೆಯ ಗೋಡೆ ಸುಣ್ಣದ ಗಾರೆಯಲ್ಲಿ ಕಟ್ಟಿದ್ದು. ಮಳೆಗಾಲದಲ್ಲಿ ನೀರು ಕುಡಿದು ಬೇಸಿಗೆಯಲ್ಲಿ ಅದೇ ಸಂದುಗಳ ಮೂಲಕ ಒಣಗುತ್ತದೆ. ಸುಣ್ಣ ಕಲ್ಲಿಗಿಂತ ಮೆದು, ಸವೆಯುವುದಾದರೆ ತಾನು ಸವೆದು ಕಲ್ಲನ್ನು ಉಳಿಸುತ್ತದೆ. ಹತ್ತಿಪ್ಪತ್ತು ವರ್ಷಕ್ಕೊಮ್ಮೆ ಸಂದುಗಳಿಗೆ ಹೊಸ ಗಾರೆ ತುಂಬಿದರೆ ಗೋಡೆ ಮತ್ತೆ ಗಟ್ಟಿ. ಸಿಮೆಂಟ್ ಹಾಗಲ್ಲ. ಅದು ಕಲ್ಲಿಗಿಂತ ಬಿಗಿ, ತೇವವನ್ನು ಹೊರಬಿಡುವುದಿಲ್ಲ. ಒಳಗೆ ಸಿಕ್ಕಿಬಿದ್ದ ನೀರು ಕಲ್ಲಿನ ಮೈಯಿಂದಲೇ ಹೊರಡಬೇಕಾಗುತ್ತದೆ. ಜೊತೆಗೆ ಸಿಮೆಂಟಿನದೇ ಉಪ್ಪು. ಕೆಲವು ವರ್ಷ ಗೋಡೆ ಹೊಸದರಂತೆ ಕಾಣುತ್ತದೆ. ಆಮೇಲೆ ಸಿಮೆಂಟಿನ ಗೆರೆಗಳು ಹಾಗೇ ಇದ್ದು ಅವುಗಳ ನಡುವಿನ ಕಲ್ಲು ಗುಳಿಬಿದ್ದು ಪುಡಿಯಾಗುತ್ತದೆ. ಮೇಲೆ ಪ್ಲಾಸ್ಟಿಕ್ ಬಣ್ಣವಿದ್ದರೆ ಇನ್ನೂ ಬೇಗ. ತೆಗೆಯಹೋದರೆ ಸಿಮೆಂಟಿನೊಡನೆ ಕಲ್ಲಿನ ಮುಖವೇ ಕಿತ್ತು ಬರುತ್ತದೆ. ಸುಣ್ಣದ ಕೆಲಸಕ್ಕೆ ಖರ್ಚು ಹೆಚ್ಚು, ಬಲ್ಲ ಗಾರೆಯವರು ಕಡಿಮೆ, ನಿಧಾನವೂ ಹೌದು. ಇವತ್ತು ಹಣವಿಲ್ಲವೆಂದರೆ ಏನೂ ಮಾಡದಿರುವುದೇ ಮೇಲು. ಬೇರು ಬಿಡುತ್ತಿರುವ ಅರಳಿ, ಆಲದ ಸಸಿಗಳನ್ನು ಕಿತ್ತು ಜಗ್ಗದೆ ಬುಡಕ್ಕೆ ಕತ್ತರಿಸಿ, ಗೋಡೆಯ ನೆತ್ತಿಯಲ್ಲಿ ಮಳೆನೀರು ನಿಲ್ಲದಂತೆ ಹರಿಯಗೊಟ್ಟರೆ ಸಾಕು, ಬಾಗಿಲು ಸರಿಯಾದ ದುರಸ್ತಿಗಾಗಿ ಕಾಯಬಲ್ಲದು.

ಕೊನೆಯದಾಗಿ ನಿಮ್ಮ ಮನೆಯ ತಾಮ್ರ ಶಾಸನ. ಅದನ್ನು ಇಟ್ಟುಕೊಂಡಿರುವುದು ಅಪರಾಧವಲ್ಲ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯಂತೆ ನೂರು ವರ್ಷ ದಾಟಿದ ಇಂಥ ವಸ್ತು ಪ್ರಾಚ್ಯವಸ್ತು. ಅದನ್ನು ಹೊರದೇಶಕ್ಕೆ ಕಳಿಸುವಂತಿಲ್ಲ, ಪರವಾನಗಿಯಿಲ್ಲದೆ ವ್ಯಾಪಾರಕ್ಕಿಳಿಯುವಂತಿಲ್ಲ, ಶಿಲ್ಪದಂಥ ಕೆಲವು ಬಗೆಗಳನ್ನು ನೋಂದಾಯಿಸಬೇಕು. ನೆಲ ಅಗೆಯುವಾಗ ಸಿಕ್ಕ ನಿಧಿಯ ನಿಯಮ ಬೇರೆ, ಅದನ್ನು ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ನಿಮ್ಮದು ವಂಶದಲ್ಲಿ ಬಂದದ್ದು. ಓದಿಸಲು ಭಯಪಡಬೇಡಿ. ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಶಾಸನಶಾಸ್ತ್ರ ಶಾಖೆಯ ಕೇಂದ್ರ ಕಚೇರಿ ಮೈಸೂರಿನಲ್ಲಿಯೇ ಇದೆ. ಒಳ್ಳೆಯ ಚಿತ್ರಗಳಿದ್ದರೆ ತಾಮ್ರದ ಹಲಗೆಗಳನ್ನು ಮನೆಯಿಂದ ಹೊರಗೆ ತರದೆಯೇ ಮೊದಲ ಓದು ಸಾಧ್ಯ.

ಹಬ್ಬದ ದಿನ ಹುಣಸೆಹಣ್ಣು ಹಚ್ಚಿ ಅದನ್ನು ಬೆಳಗುವ ರೂಢಿ ಮನೆಯಲ್ಲಿದ್ದರೆ ದಯವಿಟ್ಟು ಇಂದೇ ನಿಲ್ಲಿಸಿ. ಪ್ರತಿ ಸಲ ತಿಕ್ಕಿದಾಗಲೂ ಅಕ್ಷರದ ಅಂಚು ಒಂದಿಷ್ಟು ಕರಗುತ್ತದೆ. ಕಂದು ಬಣ್ಣದ, ನುಣುಪಾದ ಹಳೆಯ ಮೈ ಕೊಳೆಯಲ್ಲ, ಅದು ತಾಮ್ರದ ಕವಚ. ಕೈಗೆ ಉದುರುವ ತಿಳಿಹಸಿರು ಪುಡಿ ಮಾತ್ರ ರೋಗದ ಗುರುತು. ಅದು ಕಂಡರೆ ಒಣಗಿದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಡನೆ ಇಟ್ಟು ತಜ್ಞರಿಗೆ ತೋರಿಸಿ. ಹಲಗೆಗಳನ್ನು ಪೋಣಿಸಿರುವ ಉಂಗುರವನ್ನೂ ಅದರ ಮುದ್ರೆಯನ್ನೂ ಕತ್ತರಿಸಲು ಯಾರಿಗೂ ಬಿಡಬೇಡಿ. ಶಾಸನ ಅಸಲಿಯೋ ನಕಲಿಯೋ ಎಂಬ ವಿಚಾರಣೆಯಲ್ಲಿ ಮುದ್ರೆಯ ಸಾಕ್ಷ್ಯಕ್ಕೆ ದೊಡ್ಡ ತೂಕವಿದೆ. ಸಂಗ್ರಹಾಲಯಕ್ಕೆ ಕೊಡುವ ನಿರ್ಧಾರವನ್ನು ಓದಿಸಿದ ಮೇಲೆ, ಮನೆಯವರೆಲ್ಲ ಕೂತು ಮಾಡಿ. ಅದಕ್ಕೆ ಅವಸರವಿಲ್ಲ.

ಅವಸರವಿರುವುದು ಏರಿಯ ಕಲ್ಲುಗಳಿಗೆ. ಗುತ್ತಿಗೆದಾರರ ಯಂತ್ರ ಬರುವ ಮೊದಲು ಒಂದು ಸಂಜೆ, ನಿಮ್ಮ ಹಳೆಯ ವಿದ್ಯಾರ್ಥಿಗಳಿಬ್ಬರನ್ನು ಕರೆದುಕೊಂಡು, ಅಳತೆಪಟ್ಟಿಯೂ ಟಾರ್ಚೂ ಹಿಡಿದು ಹೋಗಿ. ಅಕ್ಷರದ ಕಲ್ಲಿನ ಎಡ ಅಂಚು ಸ್ಪಷ್ಟವಾಗಿ ಬರುವಂತೆ ಚಿತ್ರ ತೆಗೆದು ನನಗೂ ಕಳಿಸಿ. ಸಾಲುಗಳ ಆರಂಭ ಕಂಡರೆ ಲಿಪಿಯ ಕಾಲ ಯಾವುದೆಂದು ಹೇಳಲು ಪ್ರಯತ್ನಿಸುತ್ತೇನೆ, ತಹಶೀಲ್ದಾರರಿಗೆ ಬರೆಯುವ ಪತ್ರದಲ್ಲಿ ಆ ಸಾಲನ್ನು ಸೇರಿಸಬಹುದು.